ಖಾರ ಬಿಟ್ಟ ಗಿರಣಿ ಕಾಕಾ

ಮಧ್ಯಾಹ್ನದವರೆಗೆ ಅವರ ಹುಬ್ಬು ಬಿಳಿ, ಊಟವಾದ ಮೇಲೆ ಕೆಂಪು. ಬೆಳಿಗ್ಗೆ ಜೋಳ, ಗೋಧಿ ಬೀಸುತ್ತಿದ್ದರು. ಮಧ್ಯಾಹ್ನ ಪಕ್ಕದ ಮಶೀನಿನಲ್ಲಿ ಒಣಮೆಣಸಿನಕಾಯಿ ಕುಟ್ಟುತ್ತಿದ್ದರು. ಗೋವಾದಲ್ಲಿ, ಬಂದರಿನ ಮೇಲಿನ ಸಡಾದ ಏರಿನಲ್ಲಿ ಅವರ ಗಿರಣಿ. ಬಂದರಿನ ಕೂಲಿಗೆಂದು ವಿಜಾಪುರ, ಬಾಗಲಕೋಟೆ ಕಡೆಯಿಂದ ಬಂದು ಇಲ್ಲೇ ನೆಲೆಸಿದ ನಮ್ಮಂಥವರಿಗೆಲ್ಲ ಅವರು ಗಿರಣಿ ಕಾಕಾ, ಅವರ ಹೆಂಡತಿ ಕಾಕು. ಗಿರಣಿಯ ಪಡಸಾಲೆಯ ಮೂಲೆಯಲ್ಲಿ ನನ್ನ ಹೊಲಿಗೆ ಮಶೀನು ಇತ್ತು. ನನ್ನ ಗಂಡ ಕೆಲಸವಿಲ್ಲದೆ ಮನೆಯಲ್ಲಿ ಕೂತ ವರ್ಷ, ನಾನು ಬಾಯಿಬಿಟ್ಟು ಕೇಳುವ ಮೊದಲೇ ಆ ಜಾಗ ಕೊಟ್ಟವರು ಅವರು. ಕೊಟ್ಟು ಸುಮ್ಮನಿರುವ ಆಸಾಮಿಯೂ ಅಲ್ಲ. ನೀ ಹೊಲಿದ ಜಂಪರ್ ಹಾಕಿಕೊಂಡವಳು ದಾರಿಯುದ್ದಕ್ಕೂ ಸೀನುತ್ತ ಹೋಗುತ್ತಾಳೆ ಎಂದು ಗಿರಾಕಿಗಳ ಎದುರೇ ನನ್ನ ಕಾಲೆಳೆಯುತ್ತಿದ್ದರು.

ಕುಟ್ಟಿದ ಖಾರವನ್ನು ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿ ನೋಡದೆ ಯಾರ ಡಬ್ಬಿಗೂ ತುಂಬುತ್ತಿರಲಿಲ್ಲ. ಊಟದಲ್ಲೂ ಅಷ್ಟೇ. ರೊಟ್ಟಿ, ಮೇಲೆ ಕೆಂಪು ಖಾರ, ಅದರ ಮೇಲೆ ಹಸಿ ಎಣ್ಣೆ. ಪಲ್ಯಗಿಲ್ಯ ಅವರ ಮಟ್ಟಿಗೆ ತಟ್ಟೆಯ ಅಂದಕ್ಕೆ ಇರುವಂಥದ್ದು.

ಇಂಥವರ ಕಾಲು ಬಾತುಕೊಂಡವು. ಒಬ್ಬರೇ ಮಡಗಾಂವಿಗೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದರು. ರಕ್ತ ಪರೀಕ್ಷೆಯಾಗಿತ್ತು. ಬಿಪಿ ಯಾವ ಕಾಲದಿಂದ ಇತ್ತೋ ಏನೋ, ಕಿಡ್ನಿ ಸೋಲತೊಡಗಿವೆ ಎಂದಿದ್ದರಂತೆ. ಅದನ್ನೆಲ್ಲ ಕಾಕಾ ಮಳೆ ಬಿಸಿಲಿನ ಸುದ್ದಿ ಹೇಳಿದಂತೆ ಹೇಳಿದರು. ಆಮೇಲೆ ಕಟ್ಟೆಯ ಮೇಲೆ ಕೂತು, ಯಾರೋ ತೀರಿಕೊಂಡ ದನಿಯಲ್ಲಿ, "ಖಾರ ಬಿಡು ಅಂದಾರವಾ" ಎಂದರು.

ಬಿಟ್ಟೇಬಿಟ್ಟರು. ನಾಲಿಗೆಗೆ ಹಚ್ಚಿ ನೋಡುವುದನ್ನೂ ನಿಲ್ಲಿಸಿ, ನೀವೇ ರುಚಿ ನೋಡಿಕೊಳ್ಳಿ ಎಂದು ಗಿರಾಕಿಗಳಿಗೇ ಹೇಳತೊಡಗಿದರು. ಖಾರವಿಲ್ಲದ ಊಟ ಗಂಟಲಲ್ಲಿ ಇಳಿಯಬೇಕಲ್ಲ? ಕಾಕು ಹುಳಿಗೆ ತುಸು ಹೆಚ್ಚೇ ಉಪ್ಪು ಹಾಕಿದರು, ಹಪ್ಪಳ ಸುಟ್ಟರು, ಒಣ ಬಂಗಡೆ ಸುಟ್ಟುಕೊಟ್ಟರು. ಬಾಳೆಹಣ್ಣು, ಎಳನೀರು ಬೇಡವೆಂದು ಡಾಕ್ಟರು ಹೇಳಿದ್ದು ಕಾಕಾಗೆ ಸರಿಯಾಗಿ ತಿಳಿದಿತ್ತು, ಅವನ್ನೂ ಬಿಟ್ಟರು. ಇದೊಂದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಊರೆಲ್ಲ ರೋಗಿಗಳಿಗೆ ಹಿಡಿದುಕೊಂಡು ಹೋಗುವುದೇ ಎಳನೀರು, ಇವರಿಗೆ ಅದೇ ವಿಷವಂತೆ. ಹಣ್ಣು ಕೆಟ್ಟದ್ದು, ಹಾಗಾದರೆ ಚಲೋದು ಯಾವುದು? ಕಾಕೂಗಂತೂ ತಲೆ ಕೆಟ್ಟುಹೋಗಿತ್ತು. ಒಂದು ದಿನ ನನ್ನ ಹತ್ತಿರ ಬಂದು, "ಆ ಕ್ರಿಯಾಟಿನಿನ್ ಅನ್ನೂದು ಯಾವ ಕಾಯಿಪಲ್ಯಾದಾಗ ಇರ್ತೈತಿ ಹೇಳ ಯವ್ವಾ, ಅದನ್ನ ತರೂದ ಬಿಡ್ತೀನಿ" ಎಂದರು. ಅದು ತಿನ್ನುವುದಲ್ಲ, ಮೈಯೊಳಗೇ ಹುಟ್ಟುವ ಕಸ ಎಂದು ಮೆಡಿಕಲ್ ಅಂಗಡಿಯವನು ನನಗೆ ಹೇಳಿದ್ದ. ಅದನ್ನು ಹೇಳಿದರೆ ಅವರು ನಂಬಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಎಲ್ಲವೂ ಏರಿದ್ದವು. ಕ್ರಿಯಾಟಿನಿನ್ ಏರಿತ್ತು, ಯೂರಿಯಾ ಏರಿತ್ತು, ಫಾಸ್ಫರಸ್ ಅಂತ ಇನ್ನೊಂದು, ಅದೂ ಏರಿತ್ತು. ನೀವು ಪಥ್ಯ ಮಾಡುತ್ತಿಲ್ಲ, ತಿಂದದ್ದನ್ನು ರಕ್ತ ಹೇಳುತ್ತದೆ, ರಕ್ತ ಸುಳ್ಳು ಹೇಳುವುದಿಲ್ಲ ಎಂದು ಡಾಕ್ಟರು ಗದರಿದರಂತೆ. ಕಾಕಾ ಅದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ರಕ್ತ ಸುಳ್ಳಲ್ಲ ಅಂದ ಮೇಲೆ ಗಂಡನೇ ಸುಳ್ಳು ಎಂದು ಕಾಕು ತೀರ್ಮಾನಿಸಿದರು. ದಿನವಿಡೀ ಖಾರದ ನಡುವೆ ಕೂತವರು ಕದ್ದು ತಿನ್ನದೆ ಇರುತ್ತಾರೆಯೇ? ಗಿರಣಿಯಿಂದ ಬಂದವರ ಬೆರಳು ಮೂಸಿ ನೋಡುತ್ತಿದ್ದರು. ಖಾರ ಕುಟ್ಟುವವರ ಬೆರಳು ಇನ್ನೇನು ನಾರಬೇಕು! ಗಂಡ ಹೆಂಡತಿ ಮಾತು ಬಿಟ್ಟರು. ಕಾಕಾ ನನ್ನ ಮಶೀನಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತು, "ಕೂಡಿ ಬಾಳೇ ಮಾಡಿದಾಕಿ ನನ್ನ ಮಾತು ನಂಬಾಕತ್ತಿಲ್ಲ, ರಕ್ತದ ಮಾತು ನಂಬಾಕತ್ತಾಳ" ಎಂದರು. ಕಿಡ್ನಿಗಿಂತ ಅದೇ ಅವರನ್ನು ತಿನ್ನುತ್ತಿತ್ತು. ನಾನು ನಂಬಿದ್ದೆನೇ? ನಂಬಿದ್ದೆ. ರಿಪೋರ್ಟು ನೋಡಿದಾಗ ನಂಬುತ್ತಿರಲಿಲ್ಲ. ಅವರ ಮುಖ ನೋಡಿದಾಗ ಮತ್ತೆ ನಂಬುತ್ತಿದ್ದೆ.

ಕಡೆಗೆ ಒಂದು ಸಲ ನಾನೇ ಜೊತೆಗೆ ಹೋದೆ. ಡಾಕ್ಟರು ಗೋವಾದವರು, ಕಾಕಾನ ಜೊತೆ ಹಿಂದಿಯಲ್ಲಿ ಮಾತು. ಕಾಕಾನ ಹಿಂದಿ ನಮ್ಮ ಓಣಿಯ ಹಿಂದಿ.

"ಖಾರಾ ಬಂದ್ ಕಿಯಾ ಕ್ಯಾ?" ಎಂದು ಕೇಳಿದರು ಡಾಕ್ಟರು.

"ಪೂರಾ ಬಂದ್, ಸಾಬ್."

ಹಾಗಾದರೆ ಈ ಹೊತ್ತು ಏನು ತಿಂದು ಬಂದಿರಿ ಎಂದರು. ಕಾಕಾ ಎದೆಯುಬ್ಬಿಸಿ ಹೇಳಿದರು: ರೊಟ್ಟಿ, ಸುಟ್ಟ ಒಣ ಬಂಗಡೆ, ಉಪ್ಪು ಹಾಕಿದ ಮಜ್ಜಿಗೆ. ಡಾಕ್ಟರು ಪೆನ್ನು ಕೆಳಗಿಟ್ಟರು. "ಅರೇ, ವಹೀ ತೋ ಖಾರಾ ಹೈ!"

ಆಗ ನನಗೆ ಹೊಳೆಯಿತು. ಅವರ ಮಾತಿನಲ್ಲಿ ಖಾರಾ ಎಂದರೆ ಉಪ್ಪು. ಉಪ್ಪು ಹಚ್ಚಿ ಒಣಗಿಸಿದ ಮೀನಿಗೆ ಕೊಂಕಣಿಯಲ್ಲಿ ಹೆಸರೇ ಖಾರೆಂ. ಡಾಕ್ಟರು ಉಪ್ಪು ಬಿಡು ಎಂದಿದ್ದರು, ಇವರು ಮೆಣಸಿನಕಾಯಿ ಬಿಟ್ಟಿದ್ದರು. ಬಿಟ್ಟದ್ದರ ಜಾಗಕ್ಕೆ ಉಪ್ಪನ್ನೇ ತುಂಬಿದ್ದರು. ಇಷ್ಟು ವರ್ಷ ಗೋವಾದಲ್ಲಿದ್ದೂ ತಿಳಿಯಲಿಲ್ಲವೇ ಎಂದು ಆಮೇಲೆ ಕೇಳಿದವರುಂಟು. ಅಂಥವರು ನಮ್ಮ ಸಡಾಕ್ಕೆ ಬಂದು ನೋಡಲಿ. ಗಿರಣಿಗೆ ಬರುವವರೆಲ್ಲ ನಮ್ಮವರೇ, ಅಲ್ಲಿ ಖಾರ ಅಂದರೆ ಖಾರವೇ.

ನಾನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಕಾಕಾ ನನ್ನ ಕಡೆ ತಿರುಗಿ, "ಹಂಗಾರ ನಾ ಸುಳ್ಳು ಹೇಳಿಲ್ಲಲ್ಲ?" ಎಂದರು.

ಕಿಡ್ನಿ ಬಹುಪಾಲು ಹೋಗಿವೆ, ಡಯಾಲಿಸಿಸ್‌ಗೆ ತಯಾರಾಗಬೇಕು ಎಂದು ಡಾಕ್ಟರು ಹೇಳುತ್ತಲೇ ಇದ್ದರು. ಕಾಕಾಗೆ ಅದರ ಮೇಲೆ ಲಕ್ಷ್ಯವೇ ಇಲ್ಲ. ಮನೆಗೆ ಫೋನು ಹಚ್ಚು ಎಂದು ನನಗೆ ಗಂಟುಬಿದ್ದರು. ಹಚ್ಚಿಕೊಟ್ಟೆ. ಡಾಕ್ಟರು ಒಳ್ಳೆಯವರು, ಫೋನು ತೆಗೆದುಕೊಂಡು ಕಾಕೂಗೆ ಝೂಟ್ ನಹೀ, ಝೂಟ್ ನಹೀ ಎಂದು ಎರಡೆರಡು ಸಲ ಹೇಳಿದರು. ಈ ಉಪ್ಪಿನಿಂದಲೇ ಹೀಗಾಯಿತೇ ಎಂದು ನಾನು ಕೇಳಿದೆ. ಅದರಿಂದಲೇ ಎಂದೂ ಹೇಳಲಾಗದು, ಅದರಿಂದಲ್ಲ ಎಂದೂ ಹೇಳಲಾಗದು ಎಂದರು. ಇದೂ ಒಂದು ಉತ್ತರವೇ?

ಬಸ್ಸಿನಲ್ಲಿ ಕಾಕಾ ಪೊಲೀಸ್ ಠಾಣೆಯಿಂದ ಬಿಡುಗಡೆಯಾದವರಂತೆ ಖುಷಿಯಾಗಿದ್ದರು, ಪಕ್ಕದ ಸೀಟಿನವರಿಗೆಲ್ಲ ನಡೆದದ್ದನ್ನು ಹೇಳಿ ನಗಿಸಿದರು. ಅವರ ಬಾತ ಕಾಲು ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ.

ನಮ್ಮ ಮೆಣಸಿನ ಖಾರ ಸ್ವಲ್ಪ ತಿನ್ನಬಹುದು ಎಂದು ಡಾಕ್ಟರು ಹೇಳಿದ್ದರು. ಆ ಸಂಜೆ ಕಾಕು ತಾವೇ ರೊಟ್ಟಿಗೆ ಖಾರ ಹಚ್ಚಿಕೊಟ್ಟರು. ಎರಡು ತುತ್ತು ತಿಂದು ಕಾಕಾ ತಟ್ಟೆ ಸರಿಸಿದರು. ಬಾಯೆಲ್ಲ ಕಬ್ಬಿಣ ನೆಕ್ಕಿದಂತೆ ಇದೆ, ಏನೂ ಹತ್ತುತ್ತಿಲ್ಲ ಎಂದರು. ಈ ರೋಗ ಮುಂದುವರಿದರೆ ರುಚಿಯೂ ಹೋಗುತ್ತದಂತೆ.

ಡಯಾಲಿಸಿಸ್ ಶುರುವಾದ ಮೇಲೆ ಅವರು ಬಹಳ ದಿನ ಬಾಳಲಿಲ್ಲ. ದಿನಕರ್ಮ ಮುಗಿದು ನೆಂಟರೆಲ್ಲ ಹೋದ ಮೇಲೆ ಕಾಕು ಬಂದು ನನ್ನ ಮಶೀನಿನ ಹತ್ತಿರ ಕೂತರು. ಗಿರಣಿ ಬಂದಾಗಿತ್ತು. ಬೆಳಗಿನಿಂದ ಅತ್ತಿರಲಿಲ್ಲ, ಆಗಲೂ ಅಳಲಿಲ್ಲ.

"ನಾ ಅಂದಂಗ ಅವರು ಸುಳ್ಳು ಹೇಳವ್ರ ಆಗಿದ್ರ ಚಲೋ ಇತ್ತವಾ," ಎಂದರು. "ಕದ್ದು ಖಾರ ತಿಂತಿದ್ರು. ಒಣ ಮೀನ ಕೇಳತಿದ್ದಿಲ್ಲ."

ಆ ಉಪ್ಪಿನಿಂದಲೇ ಹೋದರೋ ಅಲ್ಲವೋ, ಡಾಕ್ಟರಿಗೇ ಗೊತ್ತಿರಲಿಲ್ಲ. ಅವರ ಕೈ ಹಿಡಿದುಕೊಂಡು ನಾನೇ ಅತ್ತೆ.