ಹಳದಿ ಬೋಗಿಯಲ್ಲಿ ನೀಲಿ ಸೀರೆ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಅಂಬರನಾಥದ ಕಡೆ ಹೋಗುವ ಲೋಕಲ್ ರೈಲು ಹತ್ತಿದರೆ ಹೆಂಗಸರ ಬೋಗಿಯೆಲ್ಲ ಹಳದಿ. ಸೀರೆ, ಕುರ್ತಾ, ಕಿವಿಯ ಲೋಲಾಕೂ ಹಳದಿಯೇ. ನವರಾತ್ರಿಯ ದಿನಕ್ಕೊಂದು ಬಣ್ಣವನ್ನು ಇಲ್ಲಿ ಇಡೀ ರೈಲೇ ಉಡುತ್ತದೆಂದು, ಕಾರ್ಖಾನೆಯ ಕೆಲಸಕ್ಕೆ ತಿಂಗಳ ಮಟ್ಟಿಗೆ ಧಾರವಾಡದಿಂದ ಬಂದ ನನಗೆ ಗೊತ್ತಿರಲಿಲ್ಲ.

ಫೋನಿನಲ್ಲಿ ಅವ್ವನಿಗೆ ಹೇಳಿದೆ: “ಎಲ್ಲಾರೂ ಹಳದಿ ಉಟ್ಟಾರ, ನಾನೊಬ್ಬಾಕಿನ ನೀಲಿ. ಹಬ್ಬಕ್ಕರ ಊರಿಗೆ ಬರಬೇಕಿತ್ತವಾ.”

ಎದುರಿಗೆ ಕೂತಿದ್ದ ಹೆಂಗಸು ನಕ್ಕರು. “ಕನ್ನಡದವರಾ? ನಮ್ಮದು ಉಡುಪಿ ಮಾರಾಯ್ರೆ. ಬೇಜಾರು ಎಂತಕ್ಕೆ?” ಎನ್ನುತ್ತ ತಮ್ಮ ಹಳದಿ ದುಪಟ್ಟಾವನ್ನು ನನ್ನ ಹೆಗಲಿಗೆ ಹೊದಿಸಿದರು. ಗೆಳತಿಯರತ್ತ ತಿರುಗಿ ಮರಾಠಿಯಲ್ಲಿ ಏನೋ ಅಂದರು. ಎಲ್ಲರೂ ಫೋಟೋಗೆ ಒತ್ತಿಕೊಂಡು ನಿಂತು ನನ್ನನ್ನು ನಡುವೆ ಎಳೆದುಕೊಂಡರು.

ಆಮೇಲೆ ಉಡುಪಿಯವರ ಚೀಲದಿಂದ ಸೀತಾಫಲ ಹೊರಬಂತು. ಮುಟ್ಟಿದರೆ ಬಿರಿಯುವಷ್ಟು ಹಣ್ಣಾಗಿತ್ತು. ಬೀಜ ಹಾಕಲು ಒಬ್ಬರು ತಮ್ಮ ಟಿಫಿನ್ನಿನ ಮುಚ್ಚಳವನ್ನೇ ಹಿಡಿದರು. ವಿಠ್ಠಲವಾಡಿ ದಾಟಿದ ಮೇಲೆ, ಮಳೆ ಮುಗಿದು ತೊಳೆದಿಟ್ಟಂತಿದ್ದ ಗುಡ್ಡಗಳು ದೂರದಲ್ಲಿ ಕಂಡವು. ದಿನವೂ ಅದೇ ದಾರಿಯಲ್ಲಿ ಹೋಗುತ್ತಿದ್ದರೂ ನಾನು ಕಿಟಕಿಯಾಚೆ ನೋಡಿದ್ದು ಅವತ್ತೇ ಮೊದಲು.

ಇಳಿಯುವಾಗ ದುಪಟ್ಟಾ ಮರಳಿಸಿ ಕೇಳಿದೆ: “ನಾಳೆ ಯಾವ ಬಣ್ಣರೀ?”

“ಹಸಿರು. ಇದೇ ಬೋಗಿಗೆ ಬನ್ನಿ, ಆಯ್ತಾ? ಜಾಗ ಹಿಡಿದಿಡ್ತೇನೆ.”

ನನ್ನ ಬಳಿ ಹಸಿರು ಸೀರೆ ಇರಲಿಲ್ಲ. ಸಂಜೆ ಡೊಂಬಿವಲಿಯಲ್ಲಿ ಇಳಿದವಳು ಕೋಣೆಯ ದಾರಿ ಬಿಟ್ಟು, ಸ್ಟೇಷನ್ನಿನ ಎದುರಿನ ಬಟ್ಟೆಯಂಗಡಿಯ ಮೆಟ್ಟಿಲು ಹತ್ತಿದೆ.