ಇಪ್ಪತ್ತೊಂದು ದಿಬ್ಬ, ಒಂದು ಬಂಪರ್

ಮೊನ್ನೆ ವ್ಯಾನಿನ ಬಾಗಿಲು ಸರಿಮಾಡಿಸಲು ಹಾಸನದ ಒಂದು ಗ್ಯಾರೇಜಿಗೆ ಹೋಗಿದ್ದೆ. ಒಳಗೆ ಯಾರೋ ಫೈಬರ್ ಉಜ್ಜುತ್ತಿದ್ದರು. ಆ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಹಲಸಿನ ಹಣ್ಣಿನೊಳಗೆ ಉಗುರುಬಣ್ಣದ ಸೀಸೆ ಒಡೆದ ಹಾಗಿರುತ್ತದೆ. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ನಮ್ಮ ಮಾವನವರ ಮುಖ ಕಾಣಿಸುತ್ತದೆ.

ಮಾವನವರೆಂದರೆ ನನ್ನ ಹೆಂಡತಿಯ ತಂದೆ. ವನಗೂರಿನ ಕಡೆ ಕಾಫಿ ಎಸ್ಟೇಟಿನ ಯಜಮಾನರು. ನಾನು ಪಾಳ್ಯದವನು, ಒಂದು ಸ್ಪ್ಯಾನರ್ ಸೆಟ್ಟಿನಿಂದ ಶುರುಮಾಡಿ ಆಲೂರಿನಲ್ಲಿ ಹಳೇ ಜೀಪಿನ ಸಾಮಾನಿನ ಅಂಗಡಿಯನ್ನು ಎರಡು ಷಟರಿಗೆ ತಂದವನು. ಗೇರ್‌ಬಾಕ್ಸನ್ನು ಅಲ್ಲಾಡಿಸಿಯೇ ಅದರ ವಯಸ್ಸು ಹೇಳುತ್ತೇನೆ. ಇಂಥ ನಾನು ಚೌಕಾಸಿಯಲ್ಲಿ ಪೆಟ್ಟು ತಿಂದದ್ದು ಒಂದೇ ಸಲ, ಅದೂ ಗೆದ್ದ ಚೌಕಾಸಿಯಲ್ಲಿ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಹೆಂಡತಿಯ ತಮ್ಮ ದಿನೇಶ ತನ್ನ ಪಾಲಿನ ಮೆಣಸು ಮಾರಿ ಒಂದು ಜಪಾನೀ ಸ್ಪೋರ್ಟ್ಸ್ ಕಾರು ತಂದ. ಎರಡೇ ಬಾಗಿಲು, ಕೆಂಪು ಬಣ್ಣ, ಮೂರನೆಯವರ ಕೈಯಿಂದ ಬಂದದ್ದು. ಹಿಂದಿನ ಸೀಟು ಇತ್ತು, ಆದರೆ ಅದರಲ್ಲಿ ಕೂರಬಲ್ಲ ಮನುಷ್ಯರು ಜಪಾನಿನಲ್ಲೂ ಇರಲಾರರು. ಎಸ್ಟೇಟಿನ ಎರಡು ಮೈಲಿ ಮಣ್ಣು ರಸ್ತೆಯನ್ನು ಅದು ಹೇಗೋ ಹತ್ತಿ ಮನೆ ಸೇರಿತು. ಅಷ್ಟಕ್ಕೆ ಸುಮ್ಮನಿದ್ದರೆ ಈ ಪ್ರಬಂಧವಿರುತ್ತಿರಲಿಲ್ಲ. ಅದಕ್ಕೆ ಬಾಡಿ ಕಿಟ್ ಹಾಕಿಸಬೇಕೆಂದು ಅವನಿಗೆ ಹುಚ್ಚು ಹಿಡಿಯಿತು. ಹೊಸ ಬಂಪರು, ಎರಡೂ ಪಕ್ಕಕ್ಕೆ ಲಂಗದಂಥ ಪಟ್ಟಿ, ಡಿಕ್ಕಿಯ ಮೇಲೊಂದು ರೆಕ್ಕೆ.

ಊಟದ ಹೊತ್ತಿನಲ್ಲಿ ವಿಷಯ ಮಾವನವರ ಕಿವಿಗೆ ಬಿತ್ತು.

"ಈಗ್ಲೇ ನೆಲ ನೆಕ್ತಾ ಐತೆ. ಇನ್ನೂ ತಗ್ಗಿಸ್ತೀಯೇನೋ?" ಎಂದರು. ಅನ್ನ ಕಲಸುತ್ತಲೇ ಷರತ್ತನ್ನೂ ಹಾಕಿದರು. "ಆಯ್ತು, ಹಾಕ್ಸು. ಹಾಕ್ಸಿದ ಮ್ಯಾಲೆ ಟಾರು ರಸ್ತೆಯಿಂದ ಮನೆ ಮುಂದಿನ ಕಣದವರ್ಗೂ ಯಾರೂ ತಳ್ಳದೆ, ಎತ್ತದೆ, ಎಳೀದೆ ಬಂದ್ರೆ ಇಟ್ಕೊ. ಬರ್ದಿದ್ರೆ ಮಾರ್ಬುಟ್ಟು ಜೀಪ್ ತಗೊ."

ದಿನೇಶ ಬಾಯಿ ತೆರೆಯುವ ಮೊದಲೇ ನಾನು "ಒಪ್ಪಿದ್ವಿ ಮಾವ" ಎಂದುಬಿಟ್ಟೆ. ವ್ಯಾಪಾರದವರ ನಾಲಿಗೆ ಹಾಗೆ. ಮುಂದಿನವರು ಮಾತು ಬದಲಿಸುವುದರೊಳಗೆ ಮುಗಿಸಿಬಿಡಬೇಕು ಅನ್ನಿಸುತ್ತದೆ. ಕೈ ತೊಳೆಯುವಾಗ ದಿನೇಶ ಮೆಲ್ಲಗೆ ಹೇಳಿದ: "ಭಾವ, ಅಪ್ಪನ್ನ ಕೇಳ್ದೆ ನಾನು ತಗೊಂಡಿರೋದು ಹುಟ್ಟಿದಾಗಿಂದ ಇದೊಂದೇ." ಮೂವತ್ತೊಂದು ವರ್ಷದ ಗಂಡಸು. ಹಾಕಿಕೊಂಡ ಅಂಗಿ ಕೂಡ ಅಪ್ಪನದೇ ಆಯ್ಕೆ.

ನಾನು ಅಂದಾಜಿನ ಮೇಲೆ ಕೊಳ್ಳುವವನಲ್ಲ. ಎಸ್ಟೇಟ್ ರಸ್ತೆಯಲ್ಲಿ ಮಳೆನೀರು ಪಕ್ಕಕ್ಕೆ ತಿರುಗಲೆಂದು ಅಡ್ಡಡ್ಡಲಾಗಿ ಮಣ್ಣು ಕಲ್ಲಿನ ದಿಬ್ಬ ಹಾಕಿರುತ್ತಾರೆ. ಆಗಸ್ಟಿನ ಮಳೆಯಲ್ಲಿ ಕೊಡೆ ಹಿಡಿದು, ಜಿಗಣೆ ಕಚ್ಚಿಸಿಕೊಂಡು, ಇಪ್ಪತ್ತೊಂದು ದಿಬ್ಬವನ್ನೂ ಕೋಲಿಟ್ಟು ಅಳೆದೆ. ಎಲ್ಲಕ್ಕಿಂತ ಎತ್ತರದ್ದು ನಾಲ್ಕು ಬೆರಳು. ಕಿಟ್ಟು ನೆಲದಿಂದ ಆರು ಬೆರಳು ಮೇಲಿದ್ದರೆ ಧಾರಾಳ. ಕೋಲಿಗೆ ಚಾಕುವಿನಲ್ಲಿ ಗುರುತು ಮಾಡಿ, ಅದನ್ನು ಬಗಲಲ್ಲಿಟ್ಟುಕೊಂಡು ದಿನೇಶನ ಜೊತೆ ಅದೇ ಕಾರಿನಲ್ಲಿ ಬೆಂಗಳೂರಿಗೆ ಹೊರಟೆ.

ಅಲ್ಲಿ ಕಿಟ್ ಮಾರುವ ಅಂಗಡಿಯವನು ಬಂಪರುಗಳನ್ನು ಗೋಡೆಗೆ ಸಾಲಾಗಿ ನೇತುಹಾಕಿದ್ದ. ನಾನು ಒಂದೊಂದನ್ನೂ ಗೆಣ್ಣಿನಿಂದ ಕುಟ್ಟಿ ನೋಡಿದೆ. ನೆನಪಿಡಿ, ಒಳ್ಳೇ ಫೈಬರು ಕುಂಬಳಕಾಯಿಯಂತೆ ಸದ್ದು ಮಾಡಬೇಕು, ತಗಡಿನಂತೆ ಅಲ್ಲ. ದಿನೇಶ ಬಾನೆಟ್ಟಿನ ಮೇಲೆ ಕೂರಿಸುವ ಒಂದು ಗಾಳಿಗೂಡನ್ನು ಎತ್ತಿಕೊಂಡ.

"ಇದರೊಳಕ್ಕೆ ಮಳೆನೀರು ಹೋದ್ರೆ?" ಎಂದೆ.

"ಹೋಗಲ್ಲ ಸಾರ್, ಅದು ಬರೀ ನೋಡೋಕೆ. ತೂತಿಲ್ಲ."

"ತೂತಿಲ್ಲದ ತೂತಿಗೆ ಇಷ್ಟು ಹೇಳ್ತೀರಲ್ಲ, ತೂತಿದ್ದಿದ್ರೆ ಎಷ್ಟು ಹೇಳ್ತಿದ್ರಿ?"

"ತೂತಿರೋದು ಇದಕ್ಕಿಂತ ಕಮ್ಮಿ ಸಾರ್. ಅದನ್ನ ಯಾರೂ ಕೇಳಲ್ಲ."

ಗೂಡನ್ನು ಬಿಟ್ಟೆವು. ರೆಕ್ಕೆ ಯಾತಕ್ಕೆಂದು ಕೇಳಿದೆ. ನೂರೈವತ್ತರ ವೇಗದಲ್ಲಿ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತದಂತೆ. ವನಗೂರಿನ ರಸ್ತೆಯಲ್ಲಿ ಆ ಕೆಲಸಕ್ಕೆ ನನ್ನ ಮೈತೂಕವೇ ಸಾಕಿತ್ತು. ಆದರೂ ದಿನೇಶನ ಕಣ್ಣು ನೋಡಿ ಇರಲಿ ಎಂದೆ. ಎರಡು ಸಲ ಅಂಗಡಿಯಿಂದ ಎದ್ದುಹೋದೆ, ಎರಡು ಸಲವೂ ಕರೆದರು. ಕೊನೆಗೆ ಅವನು ಹೇಳಿದ್ದರ ಅರ್ಧಕ್ಕೆ ಇಳಿಸಿ, ಸಾಲದು ಎಂಬಂತೆ "ಇದರ ಜೊತೆ ಬಿಟ್ಟಿ ಏನು ಕೊಡ್ತೀರಿ?" ಎಂದೆ. ಬಂಪರಿನ ಕೆಳಗೆ ತುಟಿಯ ಹಾಗೆ ಕೂರುವ ಪಟ್ಟಿಯೊಂದನ್ನು ತಕರಾರಿಲ್ಲದೆ ಕೊಟ್ಟ. ಅದರಿಂದ ಒಂದು ಬೆರಳು ತಗ್ಗಾಯಿತು. ಆದರೂ ಇನ್ನೊಂದು ಬೆರಳು ಉಳಿದಿತ್ತಲ್ಲ. ಬಿಟ್ಟಿ ಬಂದ ಸಾಮಾನನ್ನು ಮಾತ್ರ ಎರಡು ಸಲ ಅಳೆಯಿರಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ.

ಕಾರನ್ನು ಅಲ್ಲೇ ಬಿಟ್ಟುಬಂದೆವು. ಜೋಡಿಸಿ, ಬಣ್ಣ ಹೊಡೆದು ಕೊಡುವುದಕ್ಕೆ ಎರಡು ತಿಂಗಳಾಯಿತು. ಅಷ್ಟರಲ್ಲಿ ಮಳೆ ನಿಂತಿತ್ತು. ಮಳೆ ನಿಂತರೆ ಎಸ್ಟೇಟಿನಲ್ಲಿ ಮೊದಲು ಆಗುವ ಕೆಲಸ ಏನು? ಕಾಫಿ ಕುಯ್ಲಿಗೆ ಮುಂಚೆ ರಸ್ತೆ ರಿಪೇರಿ. ಕೊಚ್ಚಿಹೋದ ದಿಬ್ಬಗಳಿಗೆ ಹೊಸದಾಗಿ ಮಣ್ಣು ಕಲ್ಲು ತುಂಬಿ ಏರಿಸುವುದು. ನಾನು ಅಳೆದದ್ದು ಮಳೆ ತಿಂದು ಉಳಿಸಿದ ದಿಬ್ಬಗಳನ್ನು. ಪಾಳ್ಯದ ಗದ್ದೆಯವನಿಗೆ ಇದು ಹೊಳೆಯಲಿಲ್ಲ ಅನ್ನಿ. ದಿನೇಶ ಅಲ್ಲೇ ಹುಟ್ಟಿದವನು. ಆದರೆ ಜೀಪಿನಲ್ಲಿ ಓಡಾಡುವವನಿಗೆ ದಿಬ್ಬ ಇದ್ದದ್ದೂ ತಿಳಿಯುವುದಿಲ್ಲ.

ಟಾರು ರಸ್ತೆಯಿಂದ ತಿರುಗಿ ಮೊದಲ ದಿಬ್ಬದ ಮುಂದೆ ಕಾರು ನಿಲ್ಲಿಸಿದೆವು. ಎಸ್ಟೇಟಿನ ಆಳುಗಳ ಲೆಕ್ಕ ನೋಡುವ ರೈಟರ್ ಶಿವಣ್ಣ ಆಳುಗಳ ಜೊತೆ ಅಲ್ಲೇ ನಿಂತಿದ್ದ.

"ಈ ಸಲ ಕಲ್ಲು ಜಾಸ್ತಿ ಹಾಕ್ಸಿವ್ನಿ. ಮೂರು ಮಳೆಗಾಲ ಅಲ್ಲಾಡಾಕಿಲ್ಲ ಕಣ್ರೀ" ಎಂದು ಹೆಮ್ಮೆಯಿಂದ ಹೇಳಿದ. ಕೋಲಿಟ್ಟು ನೋಡಿದೆ. ಎಂಟು ಬೆರಳು.

"ಏನ್ ಭಾವ ಮಾಡದು?" ಎಂದ ದಿನೇಶ.

"ಓರೆಯಾಗಿ ಹತ್ಸು ಮಾರಾಯ" ಎಂದೆ. ನನ್ನ ಪಾಲಿನ ಸಹಾಯವೆಂದು ಕೆಳಗಿಳಿದು ನಡೆದೆ.

ಎರಡನೇ ದಿಬ್ಬದಲ್ಲಿ ಬಿಟ್ಟಿ ತುಟಿ ಹೋಯಿತು. ಏಳನೆಯದರಲ್ಲಿ ಎಡಗಡೆ ಪಟ್ಟಿ, ಒಂಬತ್ತರಲ್ಲಿ ಬಲಗಡೆಯದು. ಬಿದ್ದದ್ದನ್ನು ಹೆಣ್ಣಾಳುಗಳು ಆರಿಸಿ, ಸಿಂಬಿ ಇಟ್ಟು ತಲೆಯ ಮೇಲೆ ಹೊತ್ತರು.

"ಅಣ್ಣ, ಉಳಿದದ್ದನ್ನ ಇಲ್ಲೇ ಬಿಚ್ಚಿ ಕೊಟ್ಬುಡಿ, ಒಂದೇ ಸಲಕ್ಕೆ ಹೊತ್ಕೊತೀವಿ" ಎಂದಳು ಅವರಲ್ಲೊಬ್ಬಳಾದ ಕೆಂಚಮ್ಮ. ಅವಳ ಮಾತು ಮುಗಿಯುವುದರೊಳಗೆ ಹದಿನಾಲ್ಕನೇ ದಿಬ್ಬ ಬಂತು, ಬಂಪರು ಹೋಯಿತು. ಅಲ್ಲಿಂದಾಚೆಗೆ ಕಾರು ಹಗುರಾದ ಹೋರಿಯಂತೆ ಹತ್ತಿತು.

ಕಣದಲ್ಲಿ ಮಾವನವರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೂತಿಯಿಲ್ಲದ ಕಾರು ಅವರ ಮುಂದೆ ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ನಮ್ಮ ಮೆರವಣಿಗೆಯೂ ಬಂತು. ಮುಂದೆ ಬಂಪರು, ಹಿಂದೆ ಪಟ್ಟಿಗಳು.

"ಕಾರು ಬಂತು ಸರಿ" ಎಂದರು. "ತಲೆ ಮ್ಯಾಲೆ ಬರ್ತಿರೋದು ಯಾವ ಕಾರು ಅಳಿಯಂದ್ರೇ?"

ಸೋಲೊಪ್ಪುವ ಜಾತಿ ನನ್ನದಲ್ಲ. "ಮಾವ, ಷರತ್ತು ಕಾರಿಗೆ. ಅದನ್ನ ಯಾರೂ ತಳ್ಳಿಲ್ಲ, ಎತ್ತಿಲ್ಲ, ಎಳೆದಿಲ್ಲ. ಹೊತ್ತಿದ್ದು ಕಿಟ್ಟನ್ನ. ಅದರ ಬಿಲ್ಲೇ ಬೇರೆ" ಎಂದು ಜೇಬಿನಿಂದ ಬಿಲ್ಲು ತೆಗೆದೆ.

ಮಾವನವರು ಬಿಲ್ಲನ್ನು ನೋಡಲಿಲ್ಲ, ಮಗನನ್ನು ನೋಡಿದರು. "ನೀನೇನ್ಲಾ ಅಂತೀಯ?"

ದಿನೇಶ ಕಾರಿನಿಂದ ಇಳಿದ. "ಭಾವ ಹೇಳೋದು ಸುಳ್ಳು ಅಪ್ಪ. ಕಿಟ್ ಹಾಕ್ಸಿದ ಮ್ಯಾಲೆ ಬರ್ಬೇಕು ಅಂದಿದ್ರಿ, ಕಿಟ್ ಜೊತೆ ಬರ್ಲಿಲ್ಲ. ಸೋತೆ. ಆದ್ರೆ ಮಾರಾಕಿಲ್ಲ."

ಆ ಮನೆಯಲ್ಲಿ 'ಆಗಾಕಿಲ್ಲ' ಎಂಬಂಥ ಮಾತು ಯಜಮಾನರ ಎದುರು ಯಾರ ಬಾಯಿಂದಲೂ ಬಂದದ್ದಿಲ್ಲ. ಮಾವನವರು ಎದ್ದು ಕಾರನ್ನು ಒಂದು ಸುತ್ತು ಹಾಕಿ, ಎಡಗಡೆ ಬಾಗಿಲು ತೆಗೆದು, ಪಂಚೆ ಮೇಲೆತ್ತಿ, ಬಾವಿಗಿಳಿಯುವವರಂತೆ ನಿಧಾನವಾಗಿ ಒಳಗಿಳಿದು ಕೂತರು.

"ನಡಿ, ಟಾರು ರಸ್ತೆಗೆ ಹೋಗ್ಬರಣ. ಇದ್ರೊಳಗಿಂದ ಮ್ಯಾಲೆದ್ದು ಬರದು ಹೆಂಗೆ ಅಂತ ಆಮೇಲೆ ನೋಡಣ" ಎಂದರು. ಇಬ್ಬರೂ ಹೋದರು. ನಾನು ಬಿಲ್ಲು ಹಿಡಿದು ಕಣದ ನಡುವೆ ನಿಂತಿದ್ದೆ, ಹೆಣ್ಣಾಳುಗಳು ಇದನ್ನೆಲ್ಲ ಎಲ್ಲಿ ಇಳಿಸಬೇಕೆಂದು ಕೇಳುತ್ತಿದ್ದರು.

ಮೊನ್ನೆ ಗ್ಯಾರೇಜಿನಲ್ಲಿ ಆ ಫೈಬರ್ ಬಂಪರಿಗಾಗಿ ಕಾಯುತ್ತಿದ್ದ ಬೆಳಗೋಡಿನ ಯುವಕನೊಬ್ಬ, ನಾನು ಕುಟ್ಟಿ ನೋಡಿದ್ದನ್ನು ಕಂಡು, "ಸಾರ್, ಎಷ್ಟಕ್ಕೆ ಕೇಳ್ಬೋದು?" ಎಂದ. ನಾಲಿಗೆಯ ತುದಿಗೆ ಬೆಲೆ ಬಂದಿತ್ತು. "ನಿಮ್ಗೆ ಇಷ್ಟ ಆಗೈತಾ?" ಎಂದೆ. ಆಗೈತೆ ಎಂದ. "ಹಂಗಾದ್ರೆ ನನ್ನನ್ನ ಕೇಳ್ಬೇಡಿ" ಎಂದು ಹೊರಗೆ ಬಂದು ಕೂತೆ. ಗ್ಯಾರೇಜಿನವನು ಖುಷಿಯಾಗಿ ನನಗೊಂದು ಟೀ ತರಿಸಿದ.