ಕಾಕೂ ಕೂಡುತ್ತಿದ್ದ ಹುಲ್ಲು

ಮಜ್ಜಿಗೆ ಮೆಣಸಿನಕಾಯಿ ಎಣ್ಣೆಗೆ ಬಿದ್ದಾಗ ಏಳುವ ಘಾಟಿಗೆ ನಿಮಗೆಲ್ಲ ಬಾಯಲ್ಲಿ ನೀರೂರುತ್ತದೆ. ನಾನು ಎದ್ದು ಹೊರಗೆ ಹೋಗುತ್ತೇನೆ. ಗೋಕುಲ ರಸ್ತೆಯ ಹಿಂದಿನ ಓಣಿಯಲ್ಲಿದ್ದ ನಮ್ಮ ಮನೆ, ಅದರ ಮುಂದೆ ನಾಲ್ಕು ಜಮಖಾನೆ ಹಾಸುವಷ್ಟು ಜಾಗದಲ್ಲಿ ಕಾಕಾ ಬೆಳೆಸಿದ್ದ ಹುಲ್ಲು, ಸಂಜೆ ಅದರ ಮೇಲೆ ಕಾಲು ಚಾಚಿ ಕೊತ್ತಂಬರಿ ಸೋಸುತ್ತಿದ್ದ ಕಾಕೂ, ಎಲ್ಲ ಒಟ್ಟಿಗೇ ನೆನಪಿಗೆ ಬರುತ್ತವೆ. ಕಾಕಾ ನನ್ನ ಅಪ್ಪನ ತಮ್ಮ, ಕಾರ್ಖಾನೆಯಲ್ಲಿ ಲೇಥ್ ಯಂತ್ರ ನಡೆಸುತ್ತಿದ್ದರು. ಕಾಕೂ ಅವರ ಹೆಂಡತಿ. ಅವರಿಗೆ ಮಕ್ಕಳಿರಲಿಲ್ಲ. ನನ್ನನ್ನೇ ಮಗಳೆಂದುಕೊಂಡಿದ್ದರು, ನಾನೂ ಅದರ ಲಾಭವನ್ನು ಚೆನ್ನಾಗಿಯೇ ಪಡೆದೆ.

ಹುಬ್ಬಳ್ಳಿಯಲ್ಲಿ ನಳದ ನೀರು ವಾರಕ್ಕೊಮ್ಮೆ ಬಂದರೆ ಅದೇ ಪುಣ್ಯ. ಅಂಥ ಊರಲ್ಲಿ ಬೇಸಿಗೆಯಲ್ಲೂ ಹಸಿರು ಹುಲ್ಲು ಬೇಕೆಂದರೆ ಓಣಿಯವರು ನಗದೆ ಇರುತ್ತಾರೆಯೇ? ಕಾಕಾ ಕೇಳುವವರಲ್ಲ. ಬಿಸಿಲೇರುವ ಮೊದಲೇ ಬುಡ ತೋಯುವಂತೆ ನೀರು ಹಾಕಿ ಎರಡು ದಿನ ಬಿಡುತ್ತಿದ್ದರು. ಕತ್ತರಿ ಮುಟ್ಟಗೊಡುತ್ತಿರಲಿಲ್ಲ. “ಬ್ಯಾಸಿಗ್ಯಾಗ ಗಿಡ್ಡ ಕತ್ತರಿಸಬಾರದು ತಂಗಿ. ಅದರ ನೆರಳೇ ಅದರ ಬುಡಕ್ಕ ಆಸರ,” ಅನ್ನುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದುದೇ ತಂಗಿ ಎಂದು. ಅಕ್ಕಿ ತೊಳೆದ, ಕಾಯಿಪಲ್ಲೆ ತೊಳೆದ ನೀರಿಗೆಂದೇ ಹಿತ್ತಲಲ್ಲಿ ಒಂದು ಬಕೆಟ್ ಇತ್ತು. ಒಂದು ತಂಬಿಗೆಯೂ ಮೋರಿಗೆ ಹೋಗಕೂಡದು. ಅದು ಮನೆಯ ಕಾನೂನು.

ನಾನು ಐದನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಕಾಕೂಗೆ ಹೊಟ್ಟೆಯ ಆಪರೇಶನ್ ಆಯಿತು. ದವಾಖಾನೆಯಲ್ಲಿ ಆಕೆ ಕೇಳಿದ್ದು ಒಂದೇ: “ಹುಲ್ಲು ಒಣಗಸಬ್ಯಾಡ್ರಿ. ಮನಿಗೆ ಬಂದು ಅದರ ಮ್ಯಾಲೆ ಒಂದೀಟು ಕೂಡಬೇಕು ನಾ.” ಅಷ್ಟು ಓಡಾಟದಲ್ಲೂ ಕಾಕಾ ನೀರು ತಪ್ಪಿಸಲಿಲ್ಲ. ಕಾಕೂ ಬರುವ ನಾಲ್ಕು ದಿನ ಮೊದಲು ಅವ್ವ ವರ್ಷಕ್ಕಾಗುವಷ್ಟು ಮೆಣಸಿನಕಾಯಿ ಬಿಸಿಲಿಗೆ ಹರವಿ, ಅವು ನೆನೆದಿದ್ದ ಉಪ್ಪುಮಜ್ಜಿಗೆಯ ಕೊಡವನ್ನು ಖಾಲಿ ಮಾಡಲು ನನಗೆ ಹೇಳಿದಳು. ಕಾನೂನು ಬಲ್ಲ ಶಾಣ್ಯಾಕಿ ನಾನು. ಕಂಪೌಂಡ್ ಗೋಡೆಯ ಮರೆಯಲ್ಲಿ ಕಾಕೂ ಯಾವಾಗಲೂ ಕೂಡುತ್ತಿದ್ದ ಜಾಗಕ್ಕೇ ತಂಬಿಗೆ ತಂಬಿಗೆಯಾಗಿ ಸುರಿದೆ, ಆಕೆಯ ಜಾಗ ಇನ್ನಷ್ಟು ಹಸಿರಾಗಲಿ ಎಂದು. ನಾಲ್ಕನೇ ದಿನಕ್ಕೆ ಅಲ್ಲಿಯ ಹುಲ್ಲು ಸುಟ್ಟು ಕಂದಿತ್ತು. ಅದು ಉಪ್ಪಿನ ಕೆಲಸ ಎಂದು ಆಗ ಹೊಳೆಯಿತು. ಹೆದರಿ ಬಾಯಿ ಬಿಡಲಿಲ್ಲ.

ಕಾಕಾ ಕೈಹಿಡಿದು ಕರೆತಂದ ಕಾಕೂ ಆ ಜಾಗದ ಮುಂದೆ ನಿಂತಳು. “ನಂದೇ ತಪ್ಪು. ದವಾಖಾನಿ ಗದ್ದಲದಾಗ ನೀರು ಕಡಿಮಿ ಬಿದ್ದಾವ,” ಅಂದರು ಕಾಕಾ. ಉಳಿದ ಭಾಗ ಹಸಿರಾಗಿತ್ತು, ಆದರೆ ಅದು ಬೀದಿಗೆ ಕಾಣುವ ಕಡೆ. ಬಡಕಲಾದ ಮೈಯನ್ನು ಹೋಗಿಬರುವವರಿಗೆ ತೋರಿಸಲು ಆಕೆಗೆ ಸಂಕೋಚ. “ಇರಲಿ ಬಿಡ್ರಿ. ಮಳಿ ಬಿದ್ದ ಮ್ಯಾಲೆ ಚಿಗೀತದ, ಆವಾಗ ಕೂಡತೀನಿ,” ಅಂದು ಒಳಗೆ ಹೋದಳು. ಮಳೆ ಬಂದಾಗ ಕಾಕೂ ಇರಲಿಲ್ಲ.

ಈಗ ಆ ಮನೆಯೂ ಇಲ್ಲ, ಅಲ್ಲಿ ಅಂಗಡಿಗಳೆದ್ದಿವೆ. ಹೋದ ವರ್ಷ ಕಾಕಾ ಕೊನೆಯ ದಿನಗಳನ್ನು ನನ್ನ ಮನೆಯಲ್ಲೇ ಕಳೆದರು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ, “ಆ ನಾಕು ದಿನ ನಾ ಸರಿಯಾಗಿ ನೀರು ಹಾಕಿದ್ದರ, ಆಕಿ ಒಮ್ಮೆ ಕೂತು ಹೋಗತಿದ್ದಳಲ್ಲ ತಂಗಿ?” ಅಂದರು. ಇಷ್ಟು ವರ್ಷ ಅದನ್ನೇ ಹೊತ್ತು ಬದುಕಿದ್ದರು ಆ ಮನುಷ್ಯ. ಹೇಳಬೇಕಿತ್ತು. ಹೇಳಿದರೆ ನನ್ನ ಕೈಯ ಗಂಜಿ ಬೇಡವೆಂದಾರು ಎಂಬ ಹೆದರಿಕೆಯೋ ಏನೋ, ಚಮಚವನ್ನು ಅವರ ಬಾಯಿಗಿಟ್ಟು, “ಹೌದು ಕಾಕಾ,” ಅಂದೆ.